ವರ್ಜೀನಿಯದ ಹಳೆಯ ರಾಜಧಾನಿಯಲ್ಲಿ ಒಂದು ದಿನ

ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ‘ವರ್ಜೀನಿಯ’ ಎಂಬ ಮಾತನ್ನು ಕೇಳದೆ ಬೆಳೆದ ಮಗು ಇರಲಾರದು. ಆದರೆ ಅದು ದೂರದ ಒಂದು ಸೀಮೆಯ ಹೆಸರೆಂದು ಬಲ್ಲವರು ನನ್ನ ಬಾಲ್ಯದಲ್ಲಿ ಬೆರಳೆಣಿಕೆಯಷ್ಟು ಮಂದಿ. ನಮ್ಮ ಪಾಲಿಗೆ ಅದು ರಾಗಿ, ಹುರುಳಿ, ಅವರೆಗಳ ಸಾಲಿಗೆ ಸೇರಿದ ಒಂದು ಬೆಳೆಯ ಹೆಸರು. ‘ಈ ವರ್ಷ ವರ್ಜೀನಿಯ ಕೈಹಿಡಿಯಿತು’, ‘ಈ ವರ್ಷ ವರ್ಜೀನಿಯ ಕೈಕೊಟ್ಟಿತು’ ಎಂಬ ಎರಡು ವಾಕ್ಯಗಳಲ್ಲಿ ಒಂದು ಕುಟುಂಬದ ಇಡೀ ವರ್ಷದ ವೃತ್ತಾಂತ ಮುಗಿದುಹೋಗುತ್ತಿತ್ತು. ಮುಂದೆ ನಾನು ಉಪಾಧ್ಯಾಯನಾಗಿ, ಏಳನೆಯ ತರಗತಿಯಲ್ಲಿ ಉತ್ತರ ಅಮೆರಿಕದ ನಕಾಶೆಯನ್ನು ತೂಗುಹಾಕಿ ಕೋಲಿನ ತುದಿಯಿಂದ ಆ ರಾಜ್ಯವನ್ನು ತೋರಿಸಿದಾಗ, "ಅಲ್ಲೂ ನಮ್ಮ ಬೆಳೆ ಬೆಳೀತಾರಾ ಸಾರ್?" ಎಂದು ಹುಡುಗನೊಬ್ಬ ಕೇಳಿದ್ದ. ‘ನಮ್ಮ ಬೆಳೆ’ ಎಂಬ ಅವನ ಮಾತು ನನಗೆ ಬಹಳ ಹಿಡಿಸಿತ್ತು.

ಆ ವರ್ಜೀನಿಯವನ್ನು ಕಣ್ಣಾರೆ ಕಾಣುವ ಯೋಗ 2025ರಲ್ಲಿ ಒದಗಿತು. ನನ್ನ ಮಗಳು ಮತ್ತು ಅಳಿಯ ಆ ರಾಜ್ಯದ ಈಗಿನ ರಾಜಧಾನಿಯಾದ ರಿಚ್ಮಂಡ್ ನಗರದ ಹೊರವಲಯದಲ್ಲಿ ನೆಲೆಸಿದ್ದಾರೆ. ನಾನೂ ನನ್ನ ಪತ್ನಿಯೂ ಅವರೊಡನೆ ಐದೂವರೆ ತಿಂಗಳು ಇದ್ದೆವು. ಬೆಳಿಗ್ಗೆ ನಡಿಗೆ, ಮಧ್ಯಾಹ್ನ ನಿದ್ರೆ, ಸಂಜೆ ಮೊಮ್ಮಗನ ಗಣಿತ: ವಿದೇಶದಲ್ಲಿ ಮಕ್ಕಳ ಮನೆಯಲ್ಲಿದ್ದು ಬಂದವರಿಗೆಲ್ಲ ಈ ದಿನಚರಿ ಗೊತ್ತಿರುವಂಥದೇ. ರಿಚ್ಮಂಡ್ ಕೂಡ ಹೊಗೆಸೊಪ್ಪಿನಿಂದ ಬೆಳೆದ ಊರು. ಜೇಮ್ಸ್ ನದಿಯ ದಂಡೆಯಲ್ಲಿರುವ ಇಟ್ಟಿಗೆಯ ಹಳೆಯ ಗೋದಾಮುಗಳ ಸಾಲಿಗೆ ಇಂದಿಗೂ ‘ಟೊಬ್ಯಾಕೊ ರೋ’ ಎಂದೇ ಹೆಸರು. ಒಳಗೆ ಮಾತ್ರ ಈಗ ಬಾಡಿಗೆಯ ಮನೆಗಳಾಗಿವೆ. ಸೆಪ್ಟೆಂಬರಿನ ಒಂದು ಶನಿವಾರ ಅಳಿಯಂದಿರು, "ಮಾವ, ಈ ರಾಜ್ಯದ ಹಳೇ ರಾಜಧಾನಿ ಇಲ್ಲಿಂದ ಒಂದು ಗಂಟೆಯ ದಾರಿ, ಬೆಳಿಗ್ಗೆ ಹೊರಟು ರಾತ್ರಿಗೆ ಬಂದುಬಿಡೋಣ" ಎಂದರು. ಚಿತ್ರಾನ್ನವನ್ನೂ ಮೊಸರನ್ನವನ್ನೂ ಕಟ್ಟಿಕೊಂಡು ಐವರೂ ಹೊರಟೆವು.

ಆ ಊರಿನ ಹೆಸರು ವಿಲಿಯಮ್ಸ್‌ಬರ್ಗ್. ಇಂಗ್ಲಿಷರು ಉತ್ತರ ಅಮೆರಿಕದಲ್ಲಿ ಕಟ್ಟಿ ಉಳಿಸಿಕೊಂಡ ಮೊದಲ ನೆಲೆ 1607ರ ಜೇಮ್ಸ್‌ಟೌನ್. ಅದು ಜೌಗಿನ ಜಾಗ. 1699ರಲ್ಲಿ ರಾಜಧಾನಿಯನ್ನು ಕೆಲವೇ ಮೈಲಿ ಆಚೆಯ ಎತ್ತರದ ನೆಲಕ್ಕೆ ವರ್ಗಾಯಿಸಿ, ಆಗಿನ ದೊರೆ ಮೂರನೆಯ ವಿಲಿಯಮ್ಮನ ಹೆಸರಿಟ್ಟರು. 1780ರಲ್ಲಿ ಸ್ವಾತಂತ್ರ್ಯಯುದ್ಧದ ನಡುವೆ ರಾಜಧಾನಿ ರಿಚ್ಮಂಡಿಗೆ ಹೋಯಿತು. ಆಮೇಲೆ ಒಂದೂವರೆ ಶತಮಾನ ಆ ಊರನ್ನು ಕೇಳಿದವರಿಲ್ಲ. ಕೇಳುವವರಿಲ್ಲದ್ದರಿಂದಲೇ ಹಳೆಯ ಮನೆಗಳು ಹಲವು ಉಳಿದುಕೊಂಡವು. 1926ರಲ್ಲಿ ಅಲ್ಲಿಯ ಪಾದ್ರಿ ಗುಡ್ವಿನ್ ಎಂಬುವರು ಕಿರಿಯ ಜಾನ್ ಡಿ. ರಾಕ್‌ಫೆಲರರ ಮನವೊಲಿಸಿ ಇಡೀ ಊರನ್ನೇ ಹದಿನೆಂಟನೆಯ ಶತಮಾನದ ರೂಪಕ್ಕೆ ಮರಳಿಸುವ ಕೆಲಸ ಆರಂಭಿಸಿದರು. ಹೊಸ ಕಟ್ಟಡಗಳನ್ನು ಕೆಡವಿ, ಹಳೆಯ 88 ಕಟ್ಟಡಗಳನ್ನು ದುರಸ್ತಿ ಮಾಡಿ, ನಾಶವಾಗಿದ್ದವನ್ನು ಹಳೆಯ ಅಡಿಪಾಯಗಳ ಮೇಲೆಯೇ ಮತ್ತೆ ಕಟ್ಟಿದರು. ನಾವು ಬೆರಗಿನಿಂದ ನೋಡಿದ ಗವರ್ನರನ ಅರಮನೆ 1781ರಲ್ಲಿ ಸುಟ್ಟುಹೋಗಿತ್ತು. ಈಗಿರುವುದು 1934ರಲ್ಲಿ ಕಟ್ಟಿ ಮುಗಿಸಿದ್ದು. ಇದನ್ನು ತಿಳಿದಾಗ ನನ್ನ ಪತ್ನಿಗೆ ಸ್ವಲ್ಪ ನಿರಾಸೆಯಾಯಿತು. ನಮ್ಮ ಮೈಸೂರಿನ ಅರಮನೆಯೂ 1897ರಲ್ಲಿ ಸುಟ್ಟು 1912ರಲ್ಲಿ ಮುಗಿದದ್ದಲ್ಲವೇ ಎಂದೆ. "ನಮ್ಮವರು ಹೊಸದು ಕಟ್ಟಿ ಹೊಸದು ಅಂತಲೇ ಹೇಳಿದರು, ಇವರು ಹೊಸದು ಕಟ್ಟಿ ಹಳೇದು ಅಂತಾರೆ" ಎಂದಳು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಊರಿನ ನಡುವೆ ಸುಮಾರು ಒಂದು ಮೈಲಿ ಉದ್ದದ ನೇರವಾದ ರಾಜಬೀದಿ. ಪಶ್ಚಿಮದ ತುದಿಯಲ್ಲಿ 1693ರಲ್ಲಿ ಸ್ಥಾಪನೆಯಾದ ವಿಲಿಯಂ ಅಂಡ್ ಮೇರಿ ಕಾಲೇಜು, ಪೂರ್ವದ ತುದಿಯಲ್ಲಿ ಶಾಸನಸಭೆ. ಹಗಲಿನಲ್ಲಿ ಮೋಟಾರುಗಳಿಗೆ ಪ್ರವೇಶವಿಲ್ಲ. ಕುದುರೆಗಾಡಿಗಳ ಸಪ್ಪಳ ಮಾತ್ರ. ಕಮ್ಮಾರ, ಚಮ್ಮಾರ, ಮುದ್ರಣಕಾರ, ಕೃತಕ ಕೇಶ ಹೆಣೆಯುವವ, ಎಲ್ಲರೂ ಆ ಕಾಲದ ಉಡುಪಿನಲ್ಲಿ ಆ ಕಾಲದ ಸಲಕರಣೆಗಳಿಂದ ಕೆಲಸ ಮಾಡುತ್ತಾರೆ. ಚಮ್ಮಾರನ ಅಂಗಡಿಯಲ್ಲಿ ತೊಗಲಿನ ವಾಸನೆ ಮೂಗಿಗೆ ಬಡಿಯುತ್ತಲೇ ನನಗೆ ಹುಣಸೂರು ನೆನಪಾಯಿತು. ನಿಮ್ಮಲ್ಲಿ ಕಿರಿಯರಿಗೆ ತಿಳಿದಿರಲಾರದು. ಒಂದು ಕಾಲಕ್ಕೆ ಹುಣಸೂರು ಇಂಗ್ಲಿಷ್ ಸೈನ್ಯದ ಸರಬರಾಜಿನ ಊರಾಗಿತ್ತು. ಅಮೃತಮಹಲ್ ದನಗಳ ಕೇಂದ್ರ, ಸೈನಿಕರಿಗೆ ಬೂಟು ಮತ್ತು ಚೀಲಗಳನ್ನು ಒದಗಿಸುವ ಚರ್ಮದ ಕಾರ್ಖಾನೆ, ಕಂಬಳಿಯ ಕಾರ್ಖಾನೆ, ಮರದ ಕೋಠಿ ಎಲ್ಲವೂ ಇದ್ದವು. 1864ರಲ್ಲಿ ಅವೆಲ್ಲ ಮುಚ್ಚಿದವು, ಕಲಿತ ಕಸುಬು ಮಾತ್ರ ಜನರ ಕೈಯಲ್ಲಿ ಉಳಿಯಿತು. ಇದನ್ನು ನಾನು ಓದಿದ್ದು ಗೆಜೆಟಿಯರಿನಲ್ಲಿ; ಊರಿನ ಬೀದಿಯಲ್ಲಿ ನಡೆಯುವಾಗ ಯಾರೂ ಹೇಳಿದ್ದಿಲ್ಲ.

ಇನ್ನೊಂದು ಪರಿಚಿತ ಹೆಸರೂ ಅಲ್ಲಿ ಎದುರಾಯಿತು: ಲಾರ್ಡ್ ಕಾರ್ನ್‌ವಾಲಿಸ್. 1781ರ ಬೇಸಿಗೆಯಲ್ಲಿ ಈ ಊರಿನಲ್ಲಿ ತಂಗಿದ್ದ ಆತ, ಅಕ್ಟೋಬರಿನಲ್ಲಿ ಪಕ್ಕದ ಯಾರ್ಕ್‌ಟೌನಿನಲ್ಲಿ ವಾಷಿಂಗ್ಟನ್ನರಿಗೆ ಶರಣಾದ. ಹತ್ತೇ ವರ್ಷಗಳ ಅನಂತರ ಶ್ರೀರಂಗಪಟ್ಟಣದ ಮುಂದೆ ಬೀಡುಬಿಟ್ಟವನೂ ಅವನೇ. ಅದೇ ಯುದ್ಧದಲ್ಲಿ ಬೊಂಬಾಯಿಯ ಸೈನ್ಯ ಕೊಡಗಿನಿಂದ ಇಳಿದು ನಮ್ಮ ಪಿರಿಯಾಪಟ್ಟಣಕ್ಕೆ ಬಂದಿತ್ತು. "ಇಲ್ಲಿ ಸೋತವನು ಅಲ್ಲಿ ಗೆದ್ದನಾ ತಾತ?" ಎಂದು ಮೊಮ್ಮಗ ಅಚ್ಚರಿಪಟ್ಟ. ಅವನ ಶಾಲೆಯ ಪುಸ್ತಕದಲ್ಲಿ ಕಾರ್ನ್‌ವಾಲಿಸನ ಕಥೆ ಯಾರ್ಕ್‌ಟೌನಿಗೇ ಮುಗಿಯುತ್ತದಂತೆ.

ಶಾಸನಸಭೆಯ ಕಟ್ಟಡದಲ್ಲಿ ನಮಗೆ ವಿವರಿಸಿದಾಕೆಯ ಮಾತೆಲ್ಲ ಹೊಗೆಸೊಪ್ಪಿನ ಸುತ್ತಲೇ ತಿರುಗಿತು. 1612ರ ಸುಮಾರಿಗೆ ಜಾನ್ ರಾಲ್ಫ್ ಎಂಬಾತ ಕೆರಿಬಿಯನ್ ಕಡೆಯ ಬೀಜವನ್ನು ಜೇಮ್ಸ್‌ಟೌನಿನಲ್ಲಿ ಬಿತ್ತಿದ ಮೇಲೆ ಆ ವಸಾಹತು ಬದುಕಿಕೊಂಡಿತು. ಮುಂದೆ ಸೊಪ್ಪೇ ಅಲ್ಲಿಯ ನಾಣ್ಯವಾಯಿತು. ತೆರಿಗೆ, ದಂಡ, ಬಾಡಿಗೆ ಎಲ್ಲವೂ ಇಷ್ಟು ಪೌಂಡು ಸೊಪ್ಪೆಂದೇ ಲೆಕ್ಕ. ಪಾದ್ರಿಗಳ ವಾರ್ಷಿಕ ಸಂಬಳ 16,000 ಪೌಂಡು, ಎಂದರೆ ಸುಮಾರು ಏಳು ಸಾವಿರ ಕಿಲೋ ಸೊಪ್ಪು. 1758ರಲ್ಲಿ ಬೆಳೆ ಒಣಗಿ ಬೆಲೆ ಏರಿದಾಗ ಶಾಸನಸಭೆ, ಸೊಪ್ಪಿನ ಬದಲು ಪೌಂಡಿಗೆ ಎರಡು ಪೆನ್ನಿಯಂತೆ ಹಣ ಕೊಟ್ಟರೆ ಸಾಕೆಂದು ಕಾಯಿದೆ ಮಾಡಿತು. ಬೆಲೆ ಇಳಿದಾಗ ಸಂಬಳ ಸೊಪ್ಪಿನಲ್ಲಿ, ಬೆಲೆ ಏರಿದಾಗ ಕಾಸಿನಲ್ಲಿ! ಪಾದ್ರಿಗಳು ನ್ಯಾಯಾಲಯಕ್ಕೆ ಹೋದರು. 1763ರಲ್ಲಿ ಅವರ ವಿರುದ್ಧ ವಾದಿಸಿ ಹೆಸರಾದವರೇ ಪ್ಯಾಟ್ರಿಕ್ ಹೆನ್ರಿ. ತುಟ್ಟಿಭತ್ಯೆಗಾಗಿ ಕಾದ ನಮ್ಮಂಥ ನಿವೃತ್ತರಿಗೆ ಸಹಜವಾಗಿಯೇ ಪಾದ್ರಿಗಳ ಪಕ್ಷ ಹಿಡಿಯಬೇಕೆನಿಸುತ್ತದೆ.

1730ರ ಇನ್ನೊಂದು ಕಾಯಿದೆ ನನಗೆ ಹೆಚ್ಚು ಕುತೂಹಲಕರವೆನಿಸಿತು. ಸುಮಾರು ಸಾವಿರ ಪೌಂಡು ಹಿಡಿಯುವ ಪೀಪಾಯಿಗಳನ್ನು ರೈತರು ಸರಕಾರದ ಗೋದಾಮಿಗೆ ತರಬೇಕು, ಪರೀಕ್ಷಕರು ತೆರೆದು ನೋಡಬೇಕು, ಕೆಟ್ಟ ಸೊಪ್ಪನ್ನು ಸುಡಬೇಕು, ಒಳ್ಳೆಯದಕ್ಕೆ ಚೀಟಿ ಕೊಡಬೇಕು. ಆ ಚೀಟಿಯೇ ನೋಟಿನಂತೆ ಕೈಯಿಂದ ಕೈಗೆ ಓಡಾಡುತ್ತಿತ್ತು. ಇದನ್ನು ಕೇಳುವಾಗ ನನ್ನ ಕಣ್ಣಮುಂದೆ ಬಂದದ್ದು ಕಟ್ಟೆಮಳಲವಾಡಿಯ ಹರಾಜು ಮಾರುಕಟ್ಟೆ. ತಂಬಾಕು ಮಂಡಳಿ 1976ರಲ್ಲಿ ಹುಟ್ಟಿ, ಕರ್ನಾಟಕದಲ್ಲಿ 1984ರಿಂದ ಹರಾಜು ಆರಂಭವಾಗುವ ಮುನ್ನ ವರ್ತಕ ಹೇಳಿದ್ದೇ ದರ್ಜೆ, ಕೊಟ್ಟದ್ದೇ ಬೆಲೆ. ಮೊದಲ ವರ್ಷದ ಹರಾಜಿನಲ್ಲಿ ನನ್ನ ತಂದೆ ತಮ್ಮ ಬೇಲಿನ ಪಕ್ಕದಲ್ಲಿ, ಮಗಳ ವರಪರೀಕ್ಷೆಗೆ ಕುಳಿತವರಂತೆ, ಕೈಕಟ್ಟಿ ನಿಂತದ್ದನ್ನು ನಾನು ಕಂಡಿದ್ದೇನೆ. ವಿಲಿಯಮ್ಸ್‌ಬರ್ಗಿನ ಜಮೀನ್ದಾರರು ಲಂಡನ್ನಿನ ವರ್ತಕರಿಗೆ ಸಾಲಗಾರರಾಗಿ, ಬರುವ ವರ್ಷದ ಬೆಳೆಯನ್ನು ಈ ವರ್ಷವೇ ಉಂಡು ಮುಗಿಸುತ್ತಿದ್ದರಂತೆ. ಅದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಊಟವಾದ ಮೇಲೆ ಬೇಲಿಯೊಂದರ ಹಿಂದೆ ಒಂದು ತುಂಡು ಹೊಲವೂ, ಪಕ್ಕದಲ್ಲಿ ಮರದ ಚಪ್ಪರವೂ ಕಂಡವು. ನನ್ನ ಪತ್ನಿ ನನಗಿಂತ ಮುಂದಾಗಿ ಅತ್ತ ನಡೆದಳು. ಅವಳ ತವರು ಪಿರಿಯಾಪಟ್ಟಣದ ಕಡೆ. ಮದುವೆಯಾಗುವವರೆಗೂ ಪ್ರತಿ ವರ್ಷ ಕಡ್ಡಿಗಳಿಗೆ ಸೊಪ್ಪು ಕಟ್ಟಿದವಳು. ಚಪ್ಪರದಲ್ಲಿ ಗಿಡಗಳನ್ನು ಬುಡಸಮೇತ ಕತ್ತರಿಸಿ ತಲೆಕೆಳಗಾಗಿ ತೂಗುಹಾಕಿದ್ದರು. ನಮ್ಮಲ್ಲಾದರೆ ಅಡಿಯಿಂದ ಹಣ್ಣಾದ ಎರಡು ಮೂರು ಎಲೆಗಳನ್ನು ಮಾತ್ರ ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿಗೆ ಏರಿಸುತ್ತೇವೆ. ಅವಳು ಎಲೆಯೊಂದನ್ನು ಮುಟ್ಟಿ, ಮೂಗಿನ ಬಳಿಗೆ ಹಿಡಿದು, "ಏನೂಂದ್ರೆ, ಇದು ನಮ್ಮ ಸೊಪ್ಪಲ್ಲ" ಎಂದಳು.

ಅವಳ ತೀರ್ಪು ಸರಿಯಾಗಿತ್ತು. ಹದಿನೆಂಟನೆಯ ಶತಮಾನದ ವರ್ಜೀನಿಯದಲ್ಲಿ ಸೊಪ್ಪು ಗಾಳಿಗೆ ಒಣಗಿ ಕಂದುಬಣ್ಣಕ್ಕೆ ತಿರುಗುತ್ತಿತ್ತು. ನಮ್ಮ ಬ್ಯಾರನ್ನುಗಳ ಹೊಂಬಣ್ಣದ ಸೊಪ್ಪು ಬಂದದ್ದು ಆಮೇಲೆ, ಅದೂ ನೆರೆಯ ಉತ್ತರ ಕೆರೊಲಿನದಿಂದ. ಆ ಕಡೆ ಪ್ರಚಲಿತವಾಗಿರುವ ವೃತ್ತಾಂತ ಹೀಗಿದೆ. 1839ರಲ್ಲಿ ಅಬಿಶಾ ಸ್ಲೇಡ್ ಎಂಬ ಜಮೀನ್ದಾರನ ಬಳಿ ಗುಲಾಮನಾಗಿದ್ದ ಸ್ಟೀಫನ್ ಎಂಬ ತರುಣ, ಸೊಪ್ಪಿನ ಕೊಟ್ಟಿಗೆಯ ಬೆಂಕಿ ಕಾಯುತ್ತಾ ರಾತ್ರಿ ನಿದ್ದೆಹೋದ. ಎಚ್ಚರವಾದಾಗ ಬೆಂಕಿ ಆರುತ್ತಿತ್ತು. ಗಾಬರಿಯಿಂದ ಕುಲುಮೆಗೆ ಓಡಿ ಇದ್ದಿಲು ತಂದು ಸುರಿದ. ಆ ಹಠಾತ್ ಶಾಖಕ್ಕೆ ಸೊಪ್ಪು ಹಳದಿಯಾಗಿ ಹೊಳೆಯಿತು. ಹೊಗೆ ತಾಗದಂತೆ ಕಬ್ಬಿಣದ ಕೊಳವೆಗಳ ಮೂಲಕ ಶಾಖ ಹಾಯಿಸುವ ಕ್ರಮ ಕಾಲಕ್ರಮದಲ್ಲಿ ರೂಢಿಗೆ ಬಂತು. ಹೆಸರು ಗಳಿಸಿದವನು ಸ್ಲೇಡ್. ನಮ್ಮ ನಾಲ್ಕು ತಾಲ್ಲೂಕುಗಳ ಹೊಲಗಳ ನಡುವೆ ಗೋಪುರಗಳಂತೆ ನಿಂತಿರುವ ಬ್ಯಾರನ್ನುಗಳೆಲ್ಲ ಆ ನಿದ್ದೆಗೆಟ್ಟ ಹುಡುಗನ ಸಂತಾನವೇ.

ಇಲ್ಲಿ ಒಂದು ಮಾತು ಹೇಳಬೇಕು. ಸೊಪ್ಪು ಬೇಯಿಸುವುದೆಂದರೆ ಐದಾರು ಹಗಲು, ಐದಾರು ರಾತ್ರಿ. ಮೊದಲು ಹದವಾದ ಬಿಸಿಯಲ್ಲಿ ಎಲೆ ಹಳದಿಯಾಗಬೇಕು, ಬಳಿಕ ಬಣ್ಣ ನಿಲ್ಲಬೇಕು, ಕೊನೆಗೆ ನರವೂ ಒಣಗಬೇಕು. ಸೌದೆ ಹೆಚ್ಚಾದರೂ ಕೆಟ್ಟಿತು, ಕಡಿಮೆಯಾದರೂ ಕೆಟ್ಟಿತು. ರಾತ್ರಿ ಒಲೆ ಕಾಯುವವರು ಯಾರು? ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳ ಹಾಜರಿ ಪುಸ್ತಕವನ್ನು ತೆರೆದರೆ ಉತ್ತರ ಅಲ್ಲಿರುತ್ತಿತ್ತು. ಗೈರುಹಾಜರಿಯ ಗುರುತುಗಳು ಮಳೆಹನಿಗಳಂತೆ ಬಿದ್ದಿರುತ್ತಿದ್ದವು. ಬಂದವರಲ್ಲೂ ಒಬ್ಬ ಹುಡುಗ, ಅವನ ಹೆಸರು ಬರೆಯುವುದಿಲ್ಲ, ಓದಿದರೆ ಅವನಿಗೇ ತಿಳಿಯುತ್ತದೆ, ಮೊದಲ ಪಿರಿಯಡ್ಡಿನಲ್ಲೇ ಬೆಂಚಿನ ಮೇಲೆ ತಲೆಯಿಟ್ಟು ಮಲಗಿಬಿಡುತ್ತಿದ್ದ. ಅಂಗಿಯಲ್ಲಿ ಸೊಪ್ಪಿನ ಘಾಟು, ಬೆರಳುಗಳಲ್ಲಿ ಕಪ್ಪು ಅಂಟು. ನಾನು ಅವನನ್ನು ಗೋಡೆಯ ಪಕ್ಕಕ್ಕೆ ಕೂರಿಸಿ, ‘ಮಧ್ಯಾಹ್ನದ ಗಣಿತಕ್ಕೆ ಎದ್ದರೆ ಸಾಕು’ ಎನ್ನುತ್ತಿದ್ದೆ. ತರಗತಿಯ ಉಳಿದ ಮಕ್ಕಳು ಅವನಿಗಾಗಿ ಪಿಸುಮಾತಿನಲ್ಲಿ ಮಗ್ಗಿ ಹೇಳುತ್ತಿದ್ದುದನ್ನು ನೆನೆದರೆ ಈಗಲೂ ನಗೆ ಬರುತ್ತದೆ, ಮತ್ತೇನೋ ಆಗುತ್ತದೆ. ಗಣಿತದಲ್ಲಿ ಅವನು ಜಾಣ. ಹತ್ತನೆಯ ತರಗತಿಯವರೆಗೆ ಬಂದ.

ಚಪ್ಪರದಿಂದ ಸ್ವಲ್ಪ ದೂರದಲ್ಲಿ, ಮೂಲೆಯೊಂದರಲ್ಲಿ, ಬಿಳಿಯ ಹಲಗೆಯ ಒಂದು ಪುಟ್ಟ ಮನೆಯಿದೆ. ಅರಮನೆ, ಶಾಸನಸಭೆಗಳಿಗಿಂತ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಅದು. ಅದು ಬ್ರೇ ಶಾಲೆ. ಲಂಡನ್ನಿನ ಧರ್ಮಸಂಸ್ಥೆಯೊಂದು ಕಪ್ಪು ಜನಾಂಗದ ಮಕ್ಕಳಿಗಾಗಿ, ಹೆಚ್ಚಿನಂಶ ಗುಲಾಮ ಮಕ್ಕಳಿಗಾಗಿ, 1760ರಲ್ಲಿ ತೆರೆದ ಶಾಲೆ. 1774ರವರೆಗೆ ನಡೆಯಿತು, ಮೊದಲ ಐದು ವರ್ಷ ಈ ಮನೆಯಲ್ಲಿ. ಉಪಾಧ್ಯಾಯಿನಿ ಒಬ್ಬರೇ, ಆನ್ ವೇಜರ್ ಎಂಬ ವಿಧವೆ. ಆಕೆ ತೀರಿಕೊಂಡಾಗ ಶಾಲೆಯೂ ಮುಚ್ಚಿತು. ಈ ಮನೆ ಕಾಲೇಜಿನ ಆವರಣದಲ್ಲಿ ಬೇರೆ ಬೇರೆ ಉಪಯೋಗಗಳಲ್ಲಿ ಕಳೆದುಹೋಗಿತ್ತು. 2020ರಲ್ಲಿ ಮರದ ದಿಮ್ಮಿಗಳ ವಯಸ್ಸನ್ನು ಪರೀಕ್ಷಿಸಿ ಗುರುತಿಸಿದರು, 2023ರಲ್ಲಿ ಮನೆಯನ್ನು ಇಡಿಯಾಗಿ ಗಾಡಿಯ ಮೇಲೆ ಸಾಗಿಸಿ ಈ ಜಾಗಕ್ಕೆ ತಂದರು.

ಮೂರರಿಂದ ಹತ್ತು ವರ್ಷದ ಮಕ್ಕಳು. ಓದು, ಪ್ರಾರ್ಥನೆ, ಹೆಣ್ಣುಮಕ್ಕಳಿಗೆ ಹೊಲಿಗೆ. ಒಡೆಯನಿಗೆ ವಿಧೇಯರಾಗಿರಬೇಕೆಂಬುದೇ ಪಾಠದ ಸಾರ. ಆದರೆ ಓದು ಕಲಿತ ಕಣ್ಣು ಪಾಠ ಮುಗಿದಲ್ಲಿಗೇ ನಿಲ್ಲುವುದಿಲ್ಲವೆಂದು ಉಪಾಧ್ಯಾಯರೆಲ್ಲರೂ ಬಲ್ಲರು, ಆಳುವವರೂ ಬಲ್ಲರು. 1831ರಲ್ಲಿ ಇದೇ ವರ್ಜೀನಿಯ, ಕಪ್ಪು ಜನರನ್ನು ಸೇರಿಸಿ ಓದು ಕಲಿಸುವುದನ್ನು ಕಾನೂನಿನಿಂದ ನಿಷೇಧಿಸಿತು. ಬ್ರೇ ಶಾಲೆಯ ಮಕ್ಕಳ ಕೆಲವು ಪಟ್ಟಿಗಳು ಉಳಿದುಬಂದಿವೆ. ಮಗುವಿನ ಹೆಸರು, ಅದರ ಪಕ್ಕದಲ್ಲಿ, ನಾವು ತಂದೆಯ ಹೆಸರು ಬರೆಯುವ ಜಾಗದಲ್ಲಿ, ಒಡೆಯನ ಹೆಸರು. ಎಷ್ಟೋ ವರ್ಷ ಹಾಜರಿ ಪುಸ್ತಕ ಬರೆದ ಕೈ ನನ್ನದು. ಆ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುತ್ತಾ, ಹಾಜರಿ ಕೂಗುವ ಧಾಟಿ ತಾನಾಗಿಯೇ ಮನಸ್ಸಿನೊಳಗೆ ಬಂತು. ಕೆಲಸಕ್ಕೆ ಒದಗುವ ವಯಸ್ಸಾಗುತ್ತಲೇ ಒಡೆಯರು ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಳ್ಳುತ್ತಿದ್ದಾರೆಂದು ಮೇಲ್ವಿಚಾರಕರು ಲಂಡನ್ನಿಗೆ ದೂರು ಬರೆದಿದ್ದರಂತೆ. ಅಂಥದೇ ಒಕ್ಕಣೆಯ ವರದಿಗಳು ನಮ್ಮ ಶಾಲೆಗಳಿಂದಲೂ ಹುಣಸೂರಿಗೆ ಹೋಗುತ್ತಿದ್ದವು. ಒಡೆಯರೆಂಬಲ್ಲಿ ಪೋಷಕರೆಂದು ಇರುತ್ತಿತ್ತು, ಅಷ್ಟೇ.

ಸ್ವಾತಂತ್ರ್ಯದ ಮಾತು ಮೊಳಗಿದ ಆ ಊರಿನಲ್ಲಿ 1775ರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಪ್ಪು ಜನಾಂಗದವರು, ಅವರಲ್ಲಿ ಬಹುಪಾಲು ಗುಲಾಮರು. ರಾಕ್‌ಫೆಲರರ ಹಣದಿಂದ ಊರು ಮತ್ತೆ ಎದ್ದು ನಿಂತ ಮೇಲೂ ಬಹುಕಾಲ ಅವರ ಕಥೆಯನ್ನು ಹೇಳುವವರಿರಲಿಲ್ಲ. ಅಲ್ಲಿಯ ಕಪ್ಪು ಜನರ ಹಳೆಯ ಬ್ಯಾಪ್ಟಿಸ್ಟ್ ಇಗರ್ಜಿಯನ್ನು 1950ರ ದಶಕದಲ್ಲಿ ಕೆಡವಿ, ಮುಂದೆ ಆ ಜಾಗದಲ್ಲಿ ಕಾರುಗಳನ್ನು ನಿಲ್ಲಿಸಿದರು. 1979ರಿಂದ ಕಪ್ಪು ಕಲಾವಿದರು ಬೀದಿಗಿಳಿದು ಆ ಬದುಕನ್ನು ಅಭಿನಯಿಸತೊಡಗಿದರು. 2020ರಲ್ಲಿ ಇಗರ್ಜಿಯ ನೆಲವನ್ನು ಅಗೆದಾಗ ಸಮಾಧಿಗಳು ಸಿಕ್ಕವು. ಬಣ್ಣ ಬಳಿದ ಊರೆಂದು ಬೆಳಿಗ್ಗೆ ಸ್ವಲ್ಪ ಹಗುರವಾಗಿ ಕಂಡದ್ದು, ಈ ಶಾಲೆಯನ್ನು ನೋಡಿದ ಮೇಲೆ ನನಗೆ ಹಗುರವೆನಿಸಲಿಲ್ಲ.

ಶಾಲೆಯ ಮೆಟ್ಟಿಲ ಮೇಲೆ ಕುಳಿತು ನೀರು ಕುಡಿಯುವಾಗ ಮೊಮ್ಮಗ ಕೇಳಿದ. ಅವನಿಗೆ ಹತ್ತು ವರ್ಷ. "ತಾತ, ನಿಮ್ಮ ಅಪ್ಪನೂ ಟೊಬ್ಯಾಕೊ ಬೆಳೀತಿದ್ದರಲ್ಲ, ನಮ್ಮ ಮನೇಲೂ ಸ್ಲೇವ್ಸ್ ಇದ್ದರಾ?"

"ಏಯ್, ಹಾಗೆಲ್ಲ ಕೇಳಬಾರದು" ಎಂದು ಮಗಳು ಗದರಿಸಿದಳು. ಕೇಳಲಿ ಬಿಡಮ್ಮ ಎಂದೆ. ಕೊಂಡು ತಂದವರು ಇರಲಿಲ್ಲ, ಮಾರುವ ಹಕ್ಕು ಯಾರಿಗೂ ಇರಲಿಲ್ಲ ಎಂದು ಹೇಳಿದೆ. ಆದರೆ ಜೀತವಿತ್ತು ಎಂದೂ ಹೇಳಿದೆ. ನನ್ನ ತಾತನಿಂದ ಒಬ್ಬರು ಸಾಲ ಪಡೆದಿದ್ದರು. ಅದು ತೀರಲಿಲ್ಲ. ಅವರ ಮಗ ಹನ್ನೆರಡನೆಯ ವಯಸ್ಸಿನಲ್ಲಿ ನಮ್ಮ ಮನೆಗೆ ಬಂದ. ನಾವು ಮಕ್ಕಳೆಲ್ಲ ಅವನನ್ನು ಅಣ್ಣ ಎಂದೇ ಕರೆಯುತ್ತಿದ್ದೆವು. ಅವನ ಹೆಗಲ ಮೇಲೆ ಕುಳಿತು ನಾನು ಜಾತ್ರೆ ನೋಡಿದ್ದೇನೆ. ಬ್ಯಾರನ್ನಿನ ಒಲೆಯ ಮುಂದೆ ರಾತ್ರಿಯೆಲ್ಲ ಕೂತವನು ಅವನು. ಅವನು ಉಣ್ಣುವ ತಟ್ಟೆ ಮಾತ್ರ ಮನೆಯೊಳಗಿರಲಿಲ್ಲ. ಕೊಟ್ಟಿಗೆಯ ಸೂರಿಗೆ ಸಿಕ್ಕಿಸಿರುತ್ತಿತ್ತು. 1976ರಲ್ಲಿ ಜೀತ ರದ್ದಿನ ಕಾಯಿದೆ ಬಂತು. ಆಗಿನ ಮುಖ್ಯಮಂತ್ರಿ ನಮ್ಮ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರೇ ಆದ ದೇವರಾಜ ಅರಸರು. ಕಾಯಿದೆಯ ಸುದ್ದಿ ತಿಳಿದ ವಾರದಲ್ಲೇ ಅವನು ಸೂರಿನಿಂದ ತಟ್ಟೆಯನ್ನು ತೆಗೆದುಕೊಂಡು, ನನ್ನ ತಾಯಿಗೆ "ಬತ್ತೀನಿ ಕಣವ್ವ" ಎಂದು ಹೇಳಿ ಹೊರಟುಹೋದ. ಅದೇ ಸೊಪ್ಪಿನ ಹಣದಿಂದ ನಾನು ಟಿ.ಸಿ.ಎಚ್. ಓದಿದ್ದೆ, ಅದೇ ಸೊಪ್ಪಿನ ಹಣ ಕೂಡಿ ನನ್ನ ಮಗಳ ಎಂಜಿನಿಯರಿಂಗ್ ಶುಲ್ಕವೂ ಆಯಿತು.

"ಅವರ ಹೆಸರೇನು ತಾತ?" ಎಂದು ಮೊಮ್ಮಗ ಕೇಳಿದ. ಹೇಳಿದೆ. ಪಟ್ಟಿಯಲ್ಲಿ ಹೆಸರುಗಳನ್ನು ಬರೆದುಕೊಳ್ಳಲು ತಂದಿದ್ದ ಪುಸ್ತಕದಲ್ಲಿ ಅವನು ಆ ಹೆಸರನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡ. ಮಗಳು ಅದನ್ನು ಇಸಿದುಕೊಂಡು ಪಕ್ಕದಲ್ಲಿ ಕನ್ನಡದಲ್ಲಿ ಬರೆದುಕೊಟ್ಟಳು.

ಮನೆ ಸೇರಿದಾಗ ರಾತ್ರಿ ಎಂಟು. ಹುಣಸೂರಿನಲ್ಲಿ ಆಗ ಮಾರನೆಯ ದಿನದ ಬೆಳಗಿನ ಐದೂವರೆ. ಆ ಹೊತ್ತಿಗೆ ಎದ್ದಿರುವವನು ನನ್ನ ತಮ್ಮನ ಮಗನೊಬ್ಬನೇ. ಸೆಪ್ಟೆಂಬರ್ ತಿಂಗಳಲ್ಲವೇ, ಒಲೆಗೆ ಸೌದೆ ಹಾಕುತ್ತಿದ್ದ. ವಿಡಿಯೋ ಕರೆಯಲ್ಲಿ ಅವನ ಮುಖಕ್ಕಿಂತ ಬೆಂಕಿಯ ಬೆಳಕೇ ಹೆಚ್ಚಾಗಿ ಕಂಡಿತು. "ದೊಡ್ಡಪ್ಪ, ಅಲ್ಲಿ ಬೆಳೆ ಹೆಂಗದೆ?" ಎಂದ. ಮ್ಯೂಸಿಯಮ್ಮಿನಂಥ ಊರಿನಲ್ಲಿ ತೋರಿಸಲಿಕ್ಕೆಂದು ಬೆಳೆದದ್ದು ನಾಲ್ಕು ಸಾಲು ಕಂಡೆನೆಂದೂ, ಗಿಡವನ್ನು ಬುಡಸಮೇತ ಕಡಿದು ತೂಗುಹಾಕಿದ್ದರೆಂದೂ ಹೇಳಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿದ.

"ಬುಡಸಮೇತ ಕಡಿದರೆ ಅಡಿ ಎಲೆ, ತುದಿ ಎಲೆ ಎಲ್ಲ ಒಂದೇ ದಿನ ಒಣಗಬೇಕಲ್ಲ ದೊಡ್ಡಪ್ಪ. ಆಮೇಲೆ ಗ್ರೇಡ್ ಹೆಂಗೆ ಮಾಡ್ತಾರೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮತ್ತೊಂದು ತುಂಡು ಸೌದೆಯನ್ನು ಒಲೆಗೆ ತಳ್ಳಿದ.